ನನ್ನ ಮಟ್ಟಿಗೆ ಟೂರಿನ್‌ಗಿಂತ ಅವನ ಅಪ್ಪನದೇ ದೊಡ್ಡ ದುಃಖ

ಫ್ಯಾಂಟಸಿ ಕಥೆಗಳಲ್ಲಿ ಎಲ್ಲರಿಗಿಂತ ಜಾಸ್ತಿ ನೊಂದವರು ಯಾರು ಅಂತ ಕೇಳಿ ಹ್ಯಾರಿ ಪಾಟರ್ ಕಥೆಯ ಸ್ನೇಪ್, ಟೋಲ್ಕಿನ್ ಕಥೆಗಳ ಗೊಲ್ಲಮ್, ಟೂರಿನ್ ಎಂಬ ಮೂರು ಹೆಸರು ಕೊಟ್ಟಿದ್ದೀರಿ. ನಾನು ನಾಲ್ಕನೆಯವನನ್ನು ಹೇಳುತ್ತೇನೆ: ಟೂರಿನ್‌ನ ಅಪ್ಪ ಹೂರಿನ್.

ಟೂರಿನ್ ಕಥೆ ಭಯಂಕರವೇ. ತನ್ನನ್ನು ಬಿಡಿಸಲು ಬಂದ ಗೆಳೆಯ ಬೆಲೆಗ್‌ನನ್ನು ಕತ್ತಲಲ್ಲಿ ಶತ್ರು ಅಂದುಕೊಂಡು ಕೊಲ್ಲುತ್ತಾನೆ. ಗೊತ್ತಿಲ್ಲದೆ ಸ್ವಂತ ತಂಗಿಯನ್ನೇ ಮದುವೆಯಾಗುತ್ತಾನೆ. ಕೊನೆಗೆ ತನ್ನ ಕತ್ತಿಯಿಂದಲೇ ಸಾಯುತ್ತಾನೆ. ಆದರೂ ಅವನು ಓಡಾಡಿದ, ಹೋರಾಡಿದ, ಡ್ರ್ಯಾಗನ್ ಕೊಂದ.

ನಾನು ಕಾಸರಗೋಡಿನ ಕುಂಬಳೆ ಕಡೆಯವನು. ತಾಳಮದ್ದಳೆ ಕೇಳಿ ಬೆಳೆದ ನಮಗೆ ಇಂಥ ಚರ್ಚೆ ಹೊಸದಲ್ಲ. ‘ಕರ್ಣಭೇದನ’ ಪ್ರಸಂಗದಲ್ಲಿ ಭಾಗವತರು ಮಂಗಳ ಹಾಡಿದ ಮೇಲೂ, ಕರ್ಣನ ದುಃಖ ದೊಡ್ಡದೋ ಕುಂತಿಯದೋ ಅಂತ ಕೇಳಿದವರ ನಡುವೆ ವಾದ ನಡೆಯುತ್ತದೆ. ನಾನು ಯಾವತ್ತೂ ಕುಂತಿಯ ಪಕ್ಷ. ಕರ್ಣನಿಗೆ ನಿಜ ತಿಳಿಯಿತು, ತಿಳಿದೇ ತನ್ನ ದಾರಿ ಹಿಡಿದ. ಕುಂತಿ ಮಾತ್ರ ಮಕ್ಕಳು ಮಕ್ಕಳೇ ಕಾದಾಡುವುದನ್ನು ನೋಡಬೇಕಾಯಿತು.

ಹೂರಿನ್‌ನ ಪಾಡು ಇದಕ್ಕಿಂತ ಘೋರ. ಸೋತ ಯುದ್ಧದಲ್ಲಿ, ಜೊತೆಗಾರರೆಲ್ಲ ಸತ್ತ ಮೇಲೆ, ಒಬ್ಬನೇ ಕೊಡಲಿ ಹಿಡಿದು ನಿಂತು ‘ಮತ್ತೆ ಬೆಳಗಾಗುತ್ತದೆ’ ಅಂತ 70 ಸಲ ಕೂಗಿದವನು ಅವನು. ಸೆರೆ ಸಿಕ್ಕಾಗಲೂ ಗೊಂಡೋಲಿನ್ ಎಂಬ ಗುಪ್ತ ನಗರದ ಗುಟ್ಟು ಬಿಡಲಿಲ್ಲ. ಅದಕ್ಕೆ ಆ ಲೋಕದ ಮಹಾದುಷ್ಟ ಮಾರ್ಗೋತ್ ಅವನನ್ನು ಬೆಟ್ಟದ ಮೇಲೆ ಕಲ್ಲಿನ ಪೀಠದಲ್ಲಿ ಅಲುಗಾಡದಂತೆ ಕೂರಿಸಿದ. ಸೆರೆ 28 ವರ್ಷ. ಹೆಂಡತಿ ಮಕ್ಕಳು ಹಾಳಾಗುವುದನ್ನು ಅಲ್ಲಿಂದಲೇ ನೋಡಬೇಕು. ಅದೂ ಮಾರ್ಗೋತ್‌ನ ಕಣ್ಣಿನಿಂದ! ಕುರುಡ ಧೃತರಾಷ್ಟ್ರನಿಗೆ ಕಂಡದ್ದನ್ನು ಕಂಡ ಹಾಗೆ ಹೇಳುವ ಸಂಜಯನಾದರೂ ಇದ್ದ. ಹೂರಿನ್‌ಗೆ ಮನೆಯವರಿಗೆ ಆಸರೆ ಕೊಟ್ಟವರು ಕೂಡ ದ್ರೋಹಿಗಳ ಹಾಗೆ ಕಂಡರು.

ಬಿಡುಗಡೆಯೂ ಒಂದು ಬಲೆಯೇ. ಬೆಟ್ಟಗಳ ಕಡೆ ಮುಖ ಮಾಡಿ ಹಳೆಯ ಗೆಳೆಯ, ಗೊಂಡೋಲಿನ್‌ನ ರಾಜ ಟುರ್ಗೊನ್‌ನ ಹೆಸರು ಕೂಗುತ್ತಾನೆ. ಅಷ್ಟು ವರ್ಷ ಕಾದಿಟ್ಟ ಗುಟ್ಟಿನ ಸುಳಿವು ಆ ಕೂಗಿನಿಂದಲೇ ಶತ್ರುವಿಗೆ ಸಿಗುತ್ತದೆ. ಆಮೇಲೆ ಮಗನ ಸಮಾಧಿಯ ಹತ್ತಿರ ಹೆಂಡತಿ ಮೋರ್ವೆನ್ ಸಿಗುತ್ತಾಳೆ. ಮಗಳಿಗೆ ಅಣ್ಣ ಹೇಗೆ ಸಿಕ್ಕಿದ ಅಂತ ಕೇಳುತ್ತಾಳೆ. ಅವನಿಗೆ ಎಲ್ಲ ಗೊತ್ತು, ಆದರೆ ಹೇಳುವುದಿಲ್ಲ. ಆ ಪುಟ ಓದುವಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ. ಟೋಲ್ಕಿನ್ ತೀರಿಕೊಂಡದ್ದು 1973ರಲ್ಲಿ. ಈ ಕಥೆಯನ್ನು ಮಗ ಕ್ರಿಸ್ಟೋಫರ್ ಜೋಡಿಸಿ ‘ದಿ ಚಿಲ್ಡ್ರನ್ ಆಫ್ ಹೂರಿನ್’ ಅಂತ 2007ರಲ್ಲಿ ತಂದರು. ದಯವಿಟ್ಟು ಓದಿ.

ಎರಡನೇ ಸ್ಥಾನ ‘ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಉಂಗುರದ ಮೋಹಕ್ಕೆ ಹಾಳಾದ ಗೊಲ್ಲಮ್‌ಗೆ. ಸಿರಿತ್ ಉಂಗೋಲ್ ಎಂಬ ಬೆಟ್ಟದ ದಾರಿಯ ಮೆಟ್ಟಿಲಲ್ಲಿ ನಿದ್ದೆಯಲ್ಲಿದ್ದ, ಆ ಉಂಗುರ ಹೊತ್ತ ಫ್ರೋಡೋನ ಮಂಡಿಯನ್ನು ಮೆಲ್ಲಗೆ ಮುಟ್ಟಿದ ಆ ಗಳಿಗೆಯಲ್ಲಿ ಅವನು ಬದಲಾಗುವುದರಲ್ಲಿದ್ದ. ಅಷ್ಟರಲ್ಲಿ ಎಚ್ಚರಾದ, ಫ್ರೋಡೋನ ಜೊತೆಗಾರ ಸ್ಯಾಮ್ ಗದರಿದ, ಅಲ್ಲಿಗೆ ಮುಗಿಯಿತು. ಸ್ನೇಪ್‌ನನ್ನು ಇವರ ಸಾಲಿಗೆ ನಾನು ಸೇರಿಸುವುದಿಲ್ಲ. ಸತ್ತ ಮೇಲಾದರೂ ಅವನನ್ನು ಹ್ಯಾರಿ ಅರ್ಥ ಮಾಡಿಕೊಂಡ, ಮಗನಿಗೆ ಅವನ ಹೆಸರಿಟ್ಟ.