ಗುಟ್ಟು ಸರಿ, ಯಾರಿಂದ?

(ಕಳೆದ ಸಂಚಿಕೆಯ ಅಣುಪರೀಕ್ಷೆ ಲೇಖನ ಓದಿ ವಿರಾಜಪೇಟೆ ಕಡೆಯ ನಿವೃತ್ತ ಸುಬೇದಾರರೊಬ್ಬರು ಸಿಟ್ಟಿನಲ್ಲಿ ಬರೆದಿದ್ದಾರೆ: ‘ಗುಟ್ಟು ಕಾಯದೆ ಯಾವ ದೇಶವೂ ಬಾಂಬ್ ಮಾಡಿಲ್ಲ. 1995ರಲ್ಲಿ ನಮ್ಮ ಸಿದ್ಧತೆ ಅಮೆರಿಕದ ಉಪಗ್ರಹದ ಕಣ್ಣಿಗೆ ಬಿತ್ತು, ಪರೀಕ್ಷೆ ನಿಂತಿತು. 1998ರಲ್ಲಿ ಬಾಯಿ ಮುಚ್ಚಿಕೊಂಡಿದ್ದಕ್ಕೇ ಕೆಲಸ ಆಯಿತು. ಅಷ್ಟಕ್ಕೂ ಯಾವುದು ಗುಟ್ಟು, ಯಾವುದಲ್ಲ ಅಂತ ತೀರ್ಮಾನಿಸೋರು ಯಾರು, ಪತ್ರಿಕೆಯವರಾ?’)

ಸುಬೇದಾರ್ ಸಾಹೇಬರೇ,

1998ರ ವಿಷಯದಲ್ಲಿ ನಿಮ್ಮ ಜೊತೆ ಜಗಳವಿಲ್ಲ. ಕಲಾಂ ಅವರು ಮಿಲಿಟರಿ ಸಮವಸ್ತ್ರ ಹಾಕಿಕೊಂಡು ‘ಮೇಜರ್ ಜನರಲ್ ಪೃಥ್ವಿರಾಜ್’ ಆಗಿ ಪೋಖ್ರಾನ್‌ನಲ್ಲಿ ಓಡಾಡಿದ್ದು ನನಗೂ ಇಷ್ಟದ ಕಥೆಯೇ. ಆ ಗುಟ್ಟಿಗೆ ಒಂದು ಉದ್ದೇಶವಿತ್ತು, ಒಂದು ಕೊನೆಯೂ ಇತ್ತು. ಮೇ 11ರಂದು ಪ್ರಧಾನಿ ವಾಜಪೇಯಿ ಅವರೇ ಪತ್ರಕರ್ತರ ಮುಂದೆ ಬಂದು ಹೇಳಿದರು.

ನಮ್ಮ ತಕರಾರು ಬೇರೆ. ಪರೀಕ್ಷೆ ಮುಗಿದ ಮೇಲೂ, ಶತ್ರುವಿಗೆ ಗೊತ್ತಾದ ಮೇಲೂ, ಪೆಟ್ಟು ತಿಂದವರಿಂದ ಮಾತ್ರ ವಿಷಯ ಮುಚ್ಚಿಡುತ್ತಾರಲ್ಲ, ಅದು.

1954ರ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಅಮೆರಿಕ ಸಿಡಿಸಿದ ಬಾಂಬ್ ಅವರ ಲೆಕ್ಕವನ್ನೇ ಮೀರಿತು. ಸುಮಾರು 6 ಮೆಗಾಟನ್ (ಒಂದು ಮೆಗಾಟನ್ ಅಂದರೆ ಹತ್ತು ಲಕ್ಷ ಟನ್ ಟಿಎನ್‌ಟಿ ಸ್ಫೋಟಕದ ಬಲ) ಅಂದುಕೊಂಡಿದ್ದರು, 15 ಆಯಿತು. ಅಪಾಯದ ವಲಯದ ಹೊರಗಿದ್ದ ಜಪಾನಿನ ಮೀನುಗಾರಿಕೆ ದೋಣಿಯ 23 ಜನರ ಮೇಲೆ ವಿಕಿರಣ ತುಂಬಿದ ಬಿಳಿ ಬೂದಿ ಸುರಿಯಿತು. ಬೂದಿಯಲ್ಲಿ ಏನೇನಿದೆ ಹೇಳಿ, ಚಿಕಿತ್ಸೆ ಮಾಡಬೇಕು ಅಂತ ಜಪಾನಿನ ಡಾಕ್ಟರುಗಳು ಕೇಳಿದರು. ಅಮೆರಿಕ ಹೇಳಲಿಲ್ಲ. ಹೇಳಿದರೆ ಬಾಂಬಿನ ಒಳಗಿನ ಜೋಡಣೆ ಗೊತ್ತಾಗಿಬಿಡುತ್ತದೆ ಎಂಬ ಭಯ. ಆಗಿದ್ದೇನು? ಜಪಾನಿನ ವಿಜ್ಞಾನಿಗಳು ತಾವೇ ಬೂದಿ ಪರೀಕ್ಷಿಸಿ, ಬಾಂಬಿನ ಜೋಡಣೆಯ ಸುಳಿವು ಕೊಡುವ ಯುರೇನಿಯಂ-237 ಎಂಬ ವಿಕಿರಣಶೀಲ ವಸ್ತು ಪತ್ತೆ ಮಾಡಿದರು. ಅವರ ಮಾಹಿತಿ ಹಿಡಿದು ಬ್ರಿಟನ್ನಿನಲ್ಲಿದ್ದ ಭೌತವಿಜ್ಞಾನಿ ಜೋಸೆಫ್ ರಾಟ್‌ಬ್ಲಾಟ್ ಆ ಜೋಡಣೆಯನ್ನು ಲೆಕ್ಕ ಹಾಕಿಯೇ ಬಿಟ್ಟರು. ಗುಟ್ಟೂ ಉಳಿಯಲಿಲ್ಲ. ಆ ದೋಣಿಯ ರೇಡಿಯೊ ಆಪರೇಟರ್ ಐಕಿಚಿ ಕುಬೊಯಾಮ ಸೆಪ್ಟೆಂಬರ್ 23ರಂದು ತೀರಿಕೊಂಡರು. ಮಾಹಿತಿ ಸಿಕ್ಕಿದ್ದರೆ ಬದುಕುತ್ತಿದ್ದರು ಅಂತ ನಾನು ವಾದಿಸುವುದಿಲ್ಲ. ಆದರೆ ಡಾಕ್ಟರುಗಳು ಕತ್ತಲಲ್ಲಿ ತಡಕಾಡಬೇಕಾಗಿರಲಿಲ್ಲ, ಅಲ್ವಾ?

ಸೋವಿಯತ್ ಒಕ್ಕೂಟದ್ದು ಇನ್ನೂ ವಿಚಿತ್ರ. 1949ರ ಆಗಸ್ಟ್ 29ರಂದು ಗುಟ್ಟಾಗಿ ಮೊದಲ ಬಾಂಬ್ ಸಿಡಿಸಿದರು. ಅಮೆರಿಕದ ವಿಮಾನ ಗಾಳಿಯಲ್ಲೇ ಅದರ ಧೂಳು ಹಿಡಿಯಿತು. ಸೆಪ್ಟೆಂಬರ್ 23ಕ್ಕೆ ಟ್ರೂಮನ್ ಜಗತ್ತಿಗೇ ಹೇಳಿದರು. ಆದರೂ ಪರೀಕ್ಷೆ ನಡೆದ ಸೆಮಿಪಲಾಟಿನ್ಸ್ಕ್ ಸುತ್ತಲಿನ ಹಳ್ಳಿಯವರಿಗೆ ವರ್ಷಗಟ್ಟಲೆ ಏನೂ ಹೇಳಲಿಲ್ಲ. 1957ರಲ್ಲಿ ವಿಕಿರಣ ತಗುಲಿದವರನ್ನು ಪರೀಕ್ಷಿಸಲು ಅಲ್ಲೊಂದು ಚಿಕಿತ್ಸಾಲಯ ತೆರೆದು, ಅದಕ್ಕೆ ದನಕುರಿಗಳಿಂದ ಹರಡುವ ಬ್ರುಸೆಲ್ಲೋಸಿಸ್ ಕಾಯಿಲೆಯ ಹೆಸರಿಟ್ಟರು. ವಾಷಿಂಗ್ಟನ್‌ಗೆ ಗೊತ್ತಿದ್ದ ವಿಷಯ ಕಾಯಿಲೆ ಬಿದ್ದವನಿಗೇ ಗೊತ್ತಿಲ್ಲ.

ಈಗ ನಿಮ್ಮವರ ಮಾತಿಗೇ ಬರುತ್ತೇನೆ. ಕೊಡಗಿನಲ್ಲಿ ಮಿಲಿಟರಿಗೆ ಒಬ್ಬರನ್ನಾದರೂ ಕಳಿಸದ ಕುಟುಂಬ ಹುಡುಕಬೇಕು. ಹಾಗಾಗಿ ಇದು ನಮ್ಮ ಓದುಗರಿಗೆ ದೂರದ ಕಥೆ ಅಲ್ಲ. ಅಮೆರಿಕದ ಅಣುಪರೀಕ್ಷೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯೋಧರು ಪಾಲ್ಗೊಂಡಿದ್ದರು. ನೆವಾಡಾ ಮರುಭೂಮಿಯಲ್ಲಿ ಕಂದಕದಲ್ಲಿ ಕೂರಿಸಿ, ಸ್ಫೋಟ ಆದ ಮೇಲೆ ಅದೇ ಕಡೆಗೆ ನಡೆಸಿದ್ದೂ ಉಂಟು. ಯಾರಿಗೂ ಹೇಳಬಾರದು ಅಂತ ಆಣೆ. ಹೆಂಡತಿಗೂ ಇಲ್ಲ, ಡಾಕ್ಟರಿಗೂ ಇಲ್ಲ. ಮುಂದೆ ಕ್ಯಾನ್ಸರ್ ಬಂದಾಗ ‘ಎಲ್ಲಿ ಡ್ಯೂಟಿ ಮಾಡಿದ್ದಿರಿ’ ಅನ್ನುವ ಮೊದಲ ಪ್ರಶ್ನೆಗೇ ಉತ್ತರ ಕೊಡುವ ಹಾಗಿರಲಿಲ್ಲ. ಆ ಆಣೆಯನ್ನು ಕಾನೂನು ಮಾಡಿ ತೆಗೆದದ್ದು 1996ರಲ್ಲಿ. ಅಷ್ಟರಲ್ಲಿ ಎಷ್ಟೋ ಜನ ಹೋಗಿಬಿಟ್ಟಿದ್ದರು. ಡಿಸೆಬಿಲಿಟಿ ಪೆನ್ಷನ್‌ಗೆ ಓಡಾಡಿದವರನ್ನು ಕೇಳಿ, ಒಂದು ಕಾಗದ ಕಮ್ಮಿಯಾದರೆ ಏನು ಪಾಡು ಅಂತ. ಆ ಕಾಗದವೇ ಗುಟ್ಟಾದರೆ?

ನಮ್ಮಲ್ಲಿ ಪರೀಕ್ಷೆ ನಡೆದದ್ದು ನೆಲದ ಅಡಿಯಲ್ಲಿ. ಹೋಲಿಕೆ ಪೂರ್ತಿ ಸರಿಯಲ್ಲ, ಒಪ್ಪುತ್ತೇನೆ. ಆದರೂ ಪೋಖ್ರಾನ್ ಹತ್ತಿರದ ಖೇತೋಲಾಯಿ ಹಳ್ಳಿಯವರು ಮನೆಗೋಡೆ ಬಿರುಕುಬಿಟ್ಟ ಮಾತು ಹೇಳುತ್ತಲೇ ಬಂದಿದ್ದಾರೆ. 2022ರ ಜೂನ್ ಕೊನೆಯಲ್ಲಿ ನಮ್ಮ ಚೆಂಬು, ಕರಿಕೆ ಕಡೆ ಭೂಮಿ ಅದುರಿದಾಗ ಜನ ಮೊದಲು ಕೇಳಿದ್ದು ಎಷ್ಟು ತೀವ್ರತೆ, ಇನ್ನೂ ಆಗುತ್ತಾ ಅಂತ. ತೀವ್ರತೆ ಎಷ್ಟೆಂದು ತಿಳಿದ ಮೇಲೆ ಅರ್ಧ ಹೆದರಿಕೆ ಇಳಿಯಿತು.

ತೀರ್ಮಾನಿಸೋರು ಯಾರು ಅಂತ ಕೇಳಿದ್ದೀರಿ. ನಾವಂತೂ ಅಲ್ಲ. ಆದರೆ ಬಾಂಬ್ ಸಿಡಿಸುವ ಇಲಾಖೆಯೇ ಆಗಬಾರದು. ಅಮೆರಿಕದ ಅಣುಶಕ್ತಿ ಆಯೋಗದ ಕೈಯಲ್ಲಿ ಬಾಂಬ್ ಸಿಡಿಸುವುದು, ಜನರಿಗೆ ಏನು ಹೇಳಬೇಕೆಂದು ತೀರ್ಮಾನಿಸುವುದು ಎರಡೂ ಇದ್ದವು. ಪರೀಕ್ಷೆಯ ವಿಕಿರಣ ಧೂಳಿನಿಂದ ಫಿಲ್ಮ್ ಹಾಳಾಗುತ್ತದೆ ಅಂತ ಕೊಡಾಕ್ ಕಂಪನಿ ತಕರಾರು ತೆಗೆದಾಗ, ಪರೀಕ್ಷೆಯ ಮುನ್ಸೂಚನೆ ಕೊಡಲು ಆಯೋಗ ಒಪ್ಪಿತು. ವಿಕಿರಣಶೀಲ ಅಯೋಡಿನ್ ಸೇರಿದ ಹಾಲು ಕುಡಿಯುವ ಮಕ್ಕಳ ಮನೆಗೆ ಆ ಸೂಚನೆ ಹೋಗಲಿಲ್ಲ. ನಮ್ಮಲ್ಲೂ 2000ದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಘಟಕಗಳ ಸುರಕ್ಷತೆಯ ಮೇಲ್ವಿಚಾರಣೆಯನ್ನು ಅಣುಶಕ್ತಿ ನಿಯಂತ್ರಣ ಮಂಡಳಿಯಿಂದ ತೆಗೆದು, ಆ ಕೇಂದ್ರದ ಒಳಗಿನವರಿಗೇ ಕೊಟ್ಟರು. ಇದನ್ನೂ ನೀವು ಸರಿ ಅನ್ನುವುದಾದರೆ ಕಾರಣ ಕೊಟ್ಟು ಬರೆಯಿರಿ, ಜಾಗ ಕೊಡುತ್ತೇವೆ.

– ಸಂ.