ಒಂದು ಇನಿಂಗ್ಸ್‌ನಲ್ಲಿ 108, ಆಮೇಲೆ ಮೂರು ಸಲ ಎರಡೆರಡು

ಚಿತ್ರದುರ್ಗದ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಕೆ.ಎಲ್. ರಾಹುಲ್ ಅವರ ಮೊದಲ ವರ್ಷಗಳ ಬಗ್ಗೆ ಬರೆದಿದ್ದೀರಿ. ಬರೀ ಹೊಗಳಿಕೆ. ಒಂದು ದಿನ ನೂರು ಹೊಡೆದು, ಆಮೇಲೆ ನಾಲ್ಕು ಸಲ ಒಂದಂಕಿಗೆ ಔಟಾಗುವವರನ್ನು ನಂಬೋದು ಹೇಗೆ? ನಮ್ಮ ದಾವಣಗೆರೆಯ ವಿನಯ್ ಕುಮಾರ್ ಥರ ವರ್ಷಗಟ್ಟಲೆ ಒಂದೇ ಸಮ ಆಡಿದವರ ಬಗ್ಗೆ ಬರೆಯಿರಿ. ನನ್ನ ಮಗನೂ ರಾಹುಲ್ ಥರವೇ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೊಡೆತ ಕಡಿಮೆ ಮಾಡು, ದಿನಾ ಇಪ್ಪತ್ತೈದು ಮೂವತ್ತು ಮಾಡಿದರೆ ಸಾಕು ಅಂತ ಹೇಳಿದ್ದೇನೆ. ತಪ್ಪಾ?"

ಸಂಪಾದಕರ ಉತ್ತರ:

ಮೊದಲು ವಿನಯ್ ವಿಷಯ. ದಾವಣಗೆರೆಯಲ್ಲಿ ಕೂತು ಪತ್ರಿಕೆ ಮಾಡುವವರಿಗೆ ಅವರ ಮೇಲೆ ಪ್ರೀತಿ ಇಲ್ಲದೆ ಇರುತ್ತದೆಯೇ? ಪ್ರಥಮ ದರ್ಜೆಯಲ್ಲಿ 504 ವಿಕೆಟ್. ನಾಯಕರಾಗಿ 2013-14 ಮತ್ತು 2014-15ರಲ್ಲಿ ಸತತ ಎರಡು ರಣಜಿ ಟ್ರೋಫಿ. ಇಷ್ಟಾದರೂ ಸಿಕ್ಕಿದ್ದು ಒಂದೇ ಟೆಸ್ಟ್, 2012ರಲ್ಲಿ ಪರ್ತ್‌ನಲ್ಲಿ. ಅವರ ಬಗ್ಗೆ ಖಂಡಿತ ಬರೆಯುತ್ತೇವೆ. ಆದರೆ ಬೌಲರ್‌ನ ಅಳತೆಗೋಲಿನಿಂದ ಬ್ಯಾಟ್ಸ್‌ಮನ್‌ನ ಅಳೆಯೋದು ಬೇಡ. ಬೌಲರ್ ಒಂದು ಕೆಟ್ಟ ಚೆಂಡು ಹಾಕಿದರೆ ಬೌಂಡರಿ ಹೋಗುತ್ತದೆ, ಮುಂದಿನ ಚೆಂಡು ಅವನ ಕೈಯಲ್ಲೇ ಇರುತ್ತದೆ. ಆರಂಭಿಕ ಬ್ಯಾಟ್ಸ್‌ಮನ್ ಹೊಸ ಚೆಂಡಿಗೆ ಒಮ್ಮೆ ತಪ್ಪು ಮಾಡಿದರೆ ಆ ದಿನದ ಕೆಲಸ ಮುಗಿಯಿತು.

ಈಗ ರಾಹುಲ್ ಲೆಕ್ಕ. ಮೊದಲ ಐದು ಟೆಸ್ಟ್‌ಗಳ ಹತ್ತು ಇನಿಂಗ್ಸ್ ಹೀಗಿವೆ: 3, 1, 110, 16, 7, 5, 108, 2, 2, 2. ಒಟ್ಟು 256 ರನ್, ಸರಾಸರಿ 25.6. ಎರಡು ಶತಕ ಬಿಟ್ಟರೆ ಉಳಿದ ಎಂಟು ಇನಿಂಗ್ಸ್ ಸೇರಿ ಬರೀ 38 ರನ್! ನಿಮ್ಮ ಸಿಟ್ಟಿಗೆ ಕಾರಣ ಇದೆ, ಒಪ್ಪುತ್ತೇನೆ.

ಆದರೆ ಇದೇ 256 ರನ್‌ಗಳನ್ನು ನೀವು ಮಗನಿಗೆ ಹೇಳಿದ ರೀತಿಯಲ್ಲಿ ಹಂಚಿ ನೋಡಿ. ಹತ್ತು ಸಲವೂ ಇಪ್ಪತ್ತೈದು. ಮೊತ್ತ ಹೆಚ್ಚುಕಮ್ಮಿ ಅಷ್ಟೇ. ಆಗ ಏನಾಗುತ್ತಿತ್ತು?

2015ರ ಆಗಸ್ಟ್‌ಗೆ ಹೋಗೋಣ. ಶ್ರೀಲಂಕಾದಲ್ಲಿ ಮೂರು ಟೆಸ್ಟ್. ಗಾಲ್‌ನಲ್ಲಿ ಗೆಲ್ಲಬೇಕಿದ್ದ ಪಂದ್ಯವನ್ನು ಭಾರತ ಸೋತಿತ್ತು. ಕೊಲಂಬೊದ ಪಿ. ಸಾರಾ ಮೈದಾನದಲ್ಲಿ ಎರಡನೆಯ ಟೆಸ್ಟ್. ಹನ್ನೆರಡು ರನ್ನಿಗೆ ಎರಡು ವಿಕೆಟ್ ಬಿತ್ತು. ಅಲ್ಲಿಂದ ರಾಹುಲ್ ಮತ್ತು ಕೊಹ್ಲಿ ನಿಂತರು. ರಾಹುಲ್ 108, ಕೊಹ್ಲಿ 78. ಆ ಪಂದ್ಯವನ್ನು ಭಾರತ 278 ರನ್‌ಗಳಿಂದ ಗೆದ್ದಿತು, ಕೊನೆಗೆ ಸರಣಿಯೂ 2-1ರಿಂದ ನಮ್ಮದಾಯಿತು. ಆ ಹೊತ್ತಿನಲ್ಲಿ ರಾಹುಲ್ ಇಪ್ಪತ್ತೈದಕ್ಕೆ ಔಟಾಗಿದ್ದರೆ 'ಪಾಪ, ಪ್ರಯತ್ನಪಟ್ಟ' ಅಂತ ಹೇಳಿ ಮರೆತುಬಿಡುತ್ತಿದ್ದೆವು. ತಂಡ ಇನ್ನೊಂದು ಟೆಸ್ಟ್ ಸೋಲುವ ಅಪಾಯವಂತೂ ಇತ್ತು. ಟೆಸ್ಟ್ ಕ್ರಿಕೆಟ್‌ನಲ್ಲಿ ನೂರಕ್ಕೆ ಇರುವ ಬೆಲೆ ನಾಲ್ಕು ಇಪ್ಪತ್ತೈದಕ್ಕೆ ಇಲ್ಲ. ಆರಂಭಿಕನಿಗಂತೂ ಇಲ್ಲವೇ ಇಲ್ಲ.

ಹಾಗಂತ ಆ 2, 2, 2ನ್ನು ಸುಮ್ನೆ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಸೊನ್ನೆ, ಒಂದು, ಎರಡು ಎಲ್ಲವೂ ಒಂದೇ ಥರದ ಸೋಲು ಅಂತ ತಿಳಿಯುತ್ತೇವಲ್ಲ, ನನ್ನ ತಕರಾರು ಅದಕ್ಕೆ. ಮೆಲ್ಬರ್ನ್‌ನಲ್ಲಿ 2014ರ ಡಿಸೆಂಬರ್‌ನಲ್ಲಿ ರಾಹುಲ್ ಅವರ ಮೊದಲ ಟೆಸ್ಟ್. ಒಂದು ಇನಿಂಗ್ಸ್‌ನಲ್ಲಿ ಆರನೇ ಕ್ರಮಾಂಕ, ಇನ್ನೊಂದರಲ್ಲಿ ಮೂರನೇ ಕ್ರಮಾಂಕ. ಎರಡೂ ಸಲ ಹೊಡೆಯಲು ಹೋಗಿ ಕ್ಯಾಚ್. ಒಂದು ವಾರ ಕಳೆದು ಸಿಡ್ನಿ. ಈ ಸಲ ಇನಿಂಗ್ಸ್ ಆರಂಭಿಸಲು ಕಳಿಸಿದರು. 262 ಎಸೆತ ಆಡಿ 110. ಒಂದು ವಾರದಲ್ಲಿ ಯಾರಿಗೂ ಹೊಸ ಪ್ರತಿಭೆ ಬರುವುದಿಲ್ಲ. ಬದಲಾಗಿದ್ದು ಯಾವ ಚೆಂಡನ್ನು ಆಡಬೇಕು, ಯಾವುದನ್ನು ಬಿಡಬೇಕು ಅನ್ನುವ ಆಯ್ಕೆ. ಹೊಡೆತಗಳೆಲ್ಲ ಹಾಗೇ ಇದ್ದವು.

2015ರ ಜನವರಿ ಕೊನೆಗೆ ಬೆಂಗಳೂರಿನಲ್ಲಿ ಉತ್ತರ ಪ್ರದೇಶದ ವಿರುದ್ಧ 337. ರಣಜಿಯಲ್ಲಿ ಕರ್ನಾಟಕದವರೊಬ್ಬರ ಮೊದಲ ತ್ರಿಶತಕ. ನಂತರ ವಾಂಖೆಡೆಯಲ್ಲಿ ತಮಿಳುನಾಡು ವಿರುದ್ಧ ಫೈನಲ್. ನೀವು ಮೆಚ್ಚುವ ವಿನಯ್ ಐದು ವಿಕೆಟ್ ತೆಗೆದು ಎದುರಾಳಿಯನ್ನು 134ಕ್ಕೆ ಕಟ್ಟಿಹಾಕಿದರು. ಆದರೆ ನಮ್ಮವರೂ 84ಕ್ಕೆ ಐದು ವಿಕೆಟ್ ಕಳೆದುಕೊಂಡರು! ಗಾಯವಾಗಿ ಹೊರಗೆ ಹೋಗಿದ್ದ ರಾಹುಲ್ ಮತ್ತೆ ಬಂದರು. ಕರುಣ್ ನಾಯರ್ ಜೊತೆ 386 ರನ್‌ಗಳ ಜೊತೆಯಾಟ. ಕರುಣ್ 328, ರಾಹುಲ್ 188, ಆಮೇಲೆ ವಿನಯ್ ಕೂಡ ಶತಕ. ಒಂದೇ ಸಮ ಆಡುವವರು, ಏರಿಳಿತದವರು ಎಲ್ಲರೂ ಸೇರಿ ಗೆದ್ದ ಪಂದ್ಯ ಅದು. ನನಗೆ ಇಂದಿಗೂ ಕರ್ನಾಟಕದ ಅತಿ ಪ್ರೀತಿಯ ಪಂದ್ಯ.

ಕೊಲಂಬೊ ಆದಮೇಲೆ ರಾಹುಲ್‌ಗೆ ಹೆಚ್ಚುಕಡಿಮೆ ಒಂದು ವರ್ಷ ಟೆಸ್ಟ್ ಆಡಲು ಸಿಗಲಿಲ್ಲ. 2016ರಲ್ಲಿ ಮುರಳಿ ವಿಜಯ್ ಗಾಯಗೊಂಡಿದ್ದಕ್ಕೆ ಜಮೈಕಾದಲ್ಲಿ ಜಾಗ ಸಿಕ್ಕಿತು. 158 ಹೊಡೆದರು. ಆ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ 199. 2017ರಲ್ಲಿ ಸತತ ಏಳು ಅರ್ಧಶತಕ: 90, 51, 67, 60, ಔಟಾಗದೆ 51, 57, 85. ನೀವು ಕೇಳುವ ಆಟ ಇದೇ ಅಲ್ವಾ? ಆಗ ಜನ ಏನು ಹೇಳಿದರು ಗೊತ್ತಾ? 'ನೂರು ಮಾಡೋಕೆ ಬರಲ್ಲ' ಅಂದರು. ಮುಂದಿನ ಟೆಸ್ಟ್ ಶತಕಕ್ಕೆ 2018ರ ಓವಲ್‌ವರೆಗೆ ಕಾಯಬೇಕಾಯಿತು.

ಕರುಣ್ ಕಥೆ ಇನ್ನೂ ಕಹಿ. ರಾಹುಲ್ 199 ಮಾಡಿದ ಆ ಚೆನ್ನೈ ಟೆಸ್ಟ್‌ನಲ್ಲೇ ಕರುಣ್ ಔಟಾಗದೆ 303. ಅದು ಅವರ ಮೂರನೆಯ ಟೆಸ್ಟ್. ಆಮೇಲೆ ಆಸ್ಟ್ರೇಲಿಯಾ ವಿರುದ್ಧ 26, 0, 23, 5. ಅಷ್ಟೇ. ಮತ್ತೆ ಟೆಸ್ಟ್ ಆಡಿದ್ದು 2025ರಲ್ಲಿ, ಇಂಗ್ಲೆಂಡ್‌ನಲ್ಲಿ. ಆ ನಾಲ್ಕು ಇನಿಂಗ್ಸ್ ಕೆಟ್ಟವೇ ಸರಿ. ಆದರೆ ತ್ರಿಶತಕ ಹೊಡೆದವನಿಗೆ ನಾಲ್ಕೇ ಇನಿಂಗ್ಸ್ ಕೊಟ್ಟು 'ಸ್ಥಿರತೆ ಇಲ್ಲ' ಅಂದರೆ ನನಗೆ ಹೊಟ್ಟೆ ಉರಿಯುತ್ತದೆ. 3 ಮತ್ತು 1 ಮಾಡಿದ ಮೇಲೂ ರಾಹುಲ್‌ಗೆ ಸಿಡ್ನಿ ಸಿಕ್ಕಿತು. ಸಿಗದೇ ಹೋಗಿದ್ದರೆ ನಾವು ಇವತ್ತು ಈ ಮಾತು ಆಡುತ್ತಲೇ ಇರಲಿಲ್ಲ.

ನಿಮ್ಮ ಮಗನ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ಇರುವುದು ಇಲ್ಲೇ. ದಾವಣಗೆರೆ, ಚಿತ್ರದುರ್ಗ ಎರಡೂ ರಾಜ್ಯ ಕ್ರಿಕೆಟ್ ಸಂಸ್ಥೆಯ ತುಮಕೂರು ವಲಯಕ್ಕೆ ಸೇರುತ್ತವೆ. ವಲಯ ಮಟ್ಟದಲ್ಲಿ ಒಬ್ಬ ಹುಡುಗನಿಗೆ ಸೀಸನ್‌ನಲ್ಲಿ ಸಿಗುವ ಒಳ್ಳೆಯ ಪಂದ್ಯಗಳು ಕಮ್ಮಿ. ಎರಡು ಸೊನ್ನೆ ಬಂದರೆ ಆ ವರ್ಷ ಹೋಯಿತು ಅಂತಲೇ ಲೆಕ್ಕ. ಮ್ಯಾಟ್ ಮೇಲೆ ಅಭ್ಯಾಸ ಮಾಡಿದವನು ಒಮ್ಮೆಲೇ ಟರ್ಫ್ (ಮಣ್ಣಿನ ಪಿಚ್) ಮೇಲೆ ಆಡಬೇಕಾಗುತ್ತದೆ, ಮ್ಯಾಟ್‌ನಲ್ಲಿ ಎದ್ದು ಬರುತ್ತಿದ್ದ ಚೆಂಡು ಅಲ್ಲಿ ಮೊಣಕಾಲಿಗೇ ಉಳಿಯುತ್ತದೆ. ಅಂಥ ಹುಡುಗನಿಗೆ ಏರಿಳಿತ ಇರದೆ ಹೇಗೆ ಇರುತ್ತದೆ?

ಅದಕ್ಕೇ, ಹೊಡೆತ ಕಡಿಮೆ ಮಾಡು ಅನ್ನಬೇಡಿ. ಹೌದು, ಅದು ತಪ್ಪು ಸಲಹೆ. ಭಯದಿಂದ ಇಪ್ಪತ್ತೈದು ಮಾಡಲು ಕಲಿತವನಿಗೆ ನೂರು ಮಾಡುವ ದಾರಿ ಮುಚ್ಚಿಹೋಗುತ್ತದೆ. ಪ್ರತಿ ಪಂದ್ಯ ಆದಮೇಲೆ ಎಷ್ಟು ಹೊಡೆದೆ ಅಂತ ಕೇಳುವ ಬದಲು ಹೇಗೆ ಔಟಾದೆ ಅಂತ ಕೇಳಿ. ಆಫ್ ಸ್ಟಂಪ್ ಆಚೆ ಹೋಗುವ ಚೆಂಡಿಗೆ ಬ್ಯಾಟ್ ಚಾಚಿದನಾ? ಮೊದಲ ಹತ್ತು ಚೆಂಡಿನೊಳಗೆ ಪುಲ್ ಆಡಿದನಾ? ಅಥವಾ ನಿಜಕ್ಕೂ ಒಳ್ಳೆಯ ಚೆಂಡೇ ಬಂತಾ? ಐದಾರು ಸಲ ಬರೆದಿಟ್ಟರೆ ಒಂದೇ ತಪ್ಪು ಮತ್ತೆ ಮತ್ತೆ ಆಗುತ್ತಿದೆಯೋ ಇಲ್ಲವೋ ಕಾಣುತ್ತದೆ. ಒಂದೇ ತಪ್ಪಾದರೆ ಕೋಚ್ ಬಳಿ ಆ ಒಂದನ್ನೇ ತಿದ್ದಿಸಿ. ಬೇರೆ ಬೇರೆಯಾದರೆ ಅವನನ್ನು ಅವನ ಪಾಡಿಗೆ ಬಿಡಿ, ಜಾಸ್ತಿ ಪಂದ್ಯ ಆಡಿಸಿ.

ಈ ಸೀಸನ್‌ನ ಅವನ ಸ್ಕೋರುಗಳನ್ನೆಲ್ಲ ನಮಗೆ ಬರೆದು ಕಳಿಸಿ. ಔಟಾದ ರೀತಿಯನ್ನೂ ಜೊತೆಗೆ ಬರೆಯಿರಿ.