ಹಲಗೆಯ ಹೆಸರು ಆಮೇಲೆ, ಮೊದಲು ಅಂಟು ಯಾವುದೆಂದು ಕೇಳಿ

ಪ್ರಶ್ನೆ: ಸಿಂಕ್ ಕೆಳಗಿನ ಕಪಾಟು ಮಾಡಿಸಿ ಎರಡು ವರ್ಷವೂ ಆಗಿಲ್ಲ. ತಳದ ಹಲಗೆ ಅಂಚಿನಲ್ಲಿ ಉಬ್ಬಿ ಲ್ಯಾಮಿನೇಟ್ ಬಿಟ್ಟುಕೊಂಡಿದೆ. ಮಾಡಿಕೊಟ್ಟವರು "ವಾಟರ್‌ಪ್ರೂಫ್ ಎಂಡಿಎಫ್" ಎಂದಿದ್ದರು. ಒಣಗಿಸಿದರೆ ಸರಿಹೋಗುತ್ತದೆಯೇ? ಹೊಸದಾಗಿ ಯಾವುದನ್ನು ಹಾಕಿಸಲಿ?

ಒಣಗಿಸಿದರೆ ತೇವ ಹೋಗುತ್ತದೆ, ಉಬ್ಬು ಇಳಿಯುವುದಿಲ್ಲ. ಆ ಹಲಗೆಯನ್ನು ತೆಗೆಸಲೇಬೇಕು. ಮರದ ಚಕ್ಕೆಯನ್ನು ಹಬೆಯಲ್ಲಿ ಮೆತ್ತಗಾಗಿಸಿ, ಅರೆದು, ಹತ್ತಿಯಂತೆ ನಾರುನಾರಾಗಿ ಬಿಡಿಸಿ, ಅಂಟು ಬೆರೆಸಿ ಬಿಸಿ ಪ್ರೆಸ್‌ನಲ್ಲಿ ಅದುಮಿದರೆ ಎಂಡಿಎಫ್ ಆಗುತ್ತದೆ. ಗೇಣಿಗಿಂತ ದಪ್ಪಗಿದ್ದ ನಾರಿನ ಹಾಸು 18 ಮಿ.ಮೀ.ಗೆ ಇಳಿದಿರುತ್ತದೆ. ಅದನ್ನು ಅಷ್ಟಕ್ಕೇ ಬಿಗಿಹಿಡಿದಿರುವುದು ಅಂಟು. ನೀರು ಒಳಗಿಳಿದರೆ ನಾರು ಹಿಗ್ಗಿ ಆ ಹಿಡಿತ ಹರಿಯುತ್ತದೆ. ಆರಿದ ಮೇಲೆ ನಾರು ಒಂದಿಷ್ಟು ಕುಗ್ಗಬಹುದು, ಆದರೆ ಹರಿದ ಅಂಟು ಮತ್ತೆ ಕೂಡುವುದಿಲ್ಲ.

"ವಾಟರ್‌ಪ್ರೂಫ್ ಎಂಡಿಎಫ್" ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ತೇವ ತಡೆಯುವ ಎಂಡಿಎಫ್ ಇದೆ. ಅದಕ್ಕಿಂತ ಗಟ್ಟಿಯಾಗಿ ಒತ್ತಿದ ಎಚ್‌ಡಿಎಚ್‌ಎಂಆರ್ ಕೂಡ ಇದೆ. ಎರಡೂ ಗಾಳಿಯ ತೇವವನ್ನು, ಒದ್ದೆ ಬಟ್ಟೆಯಲ್ಲಿ ಒರೆಸುವುದನ್ನು ತಾಳಿಕೊಳ್ಳುತ್ತವೆ, ನಿಂತ ನೀರನ್ನಲ್ಲ. ಕತ್ತರಿಸಿದಾಗ ಒಳಗೆ ಕಾಣುವ ಹಸಿರು ಬಣ್ಣವನ್ನು ನೋಡಿ ಅನೇಕರು ಧೈರ್ಯ ತಂದುಕೊಳ್ಳುತ್ತಾರೆ. ಆ ಬಣ್ಣ ಬರೀ ಗುರುತಿಗೆ ಹಾಕಿದ್ದು, ನೀರು ತಡೆಯುವ ಕೆಲಸ ಅದರದ್ದಲ್ಲ.

ಸಿಂಕ್ ಕೆಳಗೆ ನನ್ನ ಆಯ್ಕೆ ಫೀನಾಲಿಕ್ ಅಂಟಿನ ಪ್ಲೈವುಡ್. ವ್ಯಾಪಾರದಲ್ಲಿ ಇದಕ್ಕೆ ಬಿಡಬ್ಲ್ಯುಪಿ (ಕುದಿಯುವ ನೀರನ್ನೂ ತಾಳುವುದು) ಅಥವಾ ಮೆರೈನ್ ಪ್ಲೈ ಎನ್ನುತ್ತಾರೆ. ಪ್ಲೈ ಎಂದರೆ ದಿಮ್ಮಿಯನ್ನು ತಿರುಗಿಸುತ್ತಾ ಸುರುಳಿಯಾಗಿ ಹೆರೆದ ತೆಳು ಪದರಗಳನ್ನು ಒಂದರ ಎಳೆ ಉದ್ದಕ್ಕೆ, ಮುಂದಿನದರ ಎಳೆ ಅಡ್ಡಕ್ಕೆ ಬರುವಂತೆ ಜೋಡಿಸಿ ಅಂಟಿಸಿದ್ದು. ಮರ ಹಿಗ್ಗುವುದು ಎಳೆಗೆ ಅಡ್ಡಲಾಗಿ. ಹೀಗೆ ಜೋಡಿಸಿದಾಗ ಪ್ರತಿ ಪದರವೂ ಪಕ್ಕದ ಪದರವನ್ನು ಹಿಗ್ಗದಂತೆ ಹಿಡಿದುಕೊಳ್ಳುತ್ತದೆ. ಆದರೆ ಈ ಹಿಡಿತಕ್ಕೂ ಅಂಟೇ ಆಧಾರ. ಹಿಂದೆ ಸೋಯಾ, ರಕ್ತ, ಹಾಲಿನ ಕೇಸಿನ್‌ನಿಂದ ಮಾಡಿದ ಅಂಟು ಬಳಸುತ್ತಿದ್ದರು, ಒದ್ದೆಯಾದರೆ ಪದರ ಬಿಡುತ್ತಿತ್ತು. 1934ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೇಮ್ಸ್ ನೆವಿನ್ ಎಂಬ ರಸಾಯನತಜ್ಞ ನೀರಿಗೆ ಬಗ್ಗದ ಅಂಟು ರೂಪಿಸಿದ ಮೇಲೆ ಪ್ಲೈ ಮನೆಯ ಹೊರಗೋಡೆಗೂ ದೋಣಿಗೂ ಧೈರ್ಯವಾಗಿ ಹೋಯಿತು.

ಇಂದು ಹೆಚ್ಚಾಗಿ ಸಿಗುವುದು ಮೂರು ಬಗೆಯ ಅಂಟು. ಯೂರಿಯಾ ಫಾರ್ಮಾಲ್ಡಿಹೈಡ್ ಬಿಳಿಚಾಗಿರುತ್ತದೆ, ತೇವ ಮತ್ತು ಬಿಸಿ ಒಟ್ಟಿಗೆ ಬಿದ್ದರೆ ಸಡಿಲವಾಗುತ್ತದೆ. ಅದಕ್ಕೆ ಮೆಲಮೈನ್ ಬೆರೆಸಿದರೆ ತಾಳಿಕೆ ಹೆಚ್ಚುತ್ತದೆ. ಫೀನಾಲ್ ಫಾರ್ಮಾಲ್ಡಿಹೈಡ್ ಕಡುಗಂದು ಬಣ್ಣದ್ದು, ಕುದಿಯುವ ನೀರಿಗೂ ಜಗ್ಗುವುದಿಲ್ಲ. ಮೆರೈನ್ ದರ್ಜೆಗೆ ಇಡುವ ಪರೀಕ್ಷೆಯಲ್ಲಿ ತುಂಡನ್ನು 72 ಗಂಟೆ ಕುದಿಸುತ್ತಾರೆ. ಹಲಗೆಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಪದರಗಳ ನಡುವೆ ಸಪೂರವಾದ ಕಪ್ಪುಗಂದು ಗೆರೆ ಕಂಡರೆ ಒಳ್ಳೆಯ ಲಕ್ಷಣ, ಆದರೆ ಅಷ್ಟಕ್ಕೇ ನಂಬಬೇಡಿ. ಯೂರಿಯಾ ಅಂಟಿಗೆ ಬಣ್ಣ ಬೆರೆಸಿಯೂ ಆ ಗೆರೆ ತರಿಸಬಹುದು. ಅಂಗೈಯಗಲದ ಒಂದು ತುಂಡನ್ನು ಕೇಳಿ ಪಡೆದು, ಅಡುಗೆಗೆ ಬಳಸದ ಪಾತ್ರೆಯಲ್ಲಿ, ಮನೆಯ ಹೊರಗೆ, ಮೂರ್ನಾಲ್ಕು ಗಂಟೆ ಕುದಿಸಿ. ಬರೀ ಯೂರಿಯಾ ಅಂಟಿನದಾದರೆ ಮೂಲೆಯಿಂದ ಪದರ ಏಳತೊಡಗುತ್ತದೆ, ಉಗುರು ಹಾಕಿದರೆ ಕಿತ್ತು ಬರುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಕೆಲಸ ಶುರುಮಾಡಿದ ಹೊಸತರಲ್ಲಿ ನಾನು ಬಹಳ ಒಳ್ಳೆಯ ಪ್ಲೈನಲ್ಲಿ ಸಿಂಕ್ ಕಪಾಟು ಮಾಡಿದ್ದೆ. ಕೆಲ ವರ್ಷಗಳ ಮೇಲೆ ಹೋಗಿ ನೋಡಿದರೆ ಹಲಗೆಯೆಲ್ಲ ಗಟ್ಟಿ, ಪೈಪ್ ಹೋಗಲು ಕೊರೆದ ತೂತಿನ ಸುತ್ತ ಮಾತ್ರ ಮರ ಕಪ್ಪಾಗಿ ಬೆರಳಿಗೆ ಪುಡಿಯಾಗುತ್ತಿತ್ತು. ಅಂಟು ಸೋತಿರಲಿಲ್ಲ, ಮರವೇ ಕೊಳೆತಿತ್ತು. ತೂತಿನ ಒಳಮೈಗೆ ನಾನು ಏನನ್ನೂ ಬಳಿದಿರಲಿಲ್ಲ. ಹಾಗಾಗಿ ನೀವು ಮಾಡಿಸುವಾಗ ಕತ್ತರಿಸಿದ ಪ್ರತಿ ಅಂಚಿಗೂ ಪ್ರತಿ ತೂತಿಗೂ ಎಪಾಕ್ಸಿ ಅಥವಾ ಪಾಲಿಯುರೆಥೇನ್ ಬಳಿಸಿ, ಪೈಪ್ ಸುತ್ತ ಸಿಲಿಕೋನ್ ತುಂಬಿಸಿ. ಕಪಾಟು ನೆಲಕ್ಕೆ ತಾಗದಂತೆ 100 ಮಿ.ಮೀ. ಎತ್ತರದ ಕಾಲುಗಳ ಮೇಲೆ ಕೂರಲಿ.

ಪ್ರಶ್ನೆ: ಮೂರು ಅಡಿ ಅಗಲದ ಪುಸ್ತಕದ ಕಪಾಟಿನ ಅಡ್ಡಹಲಗೆಗಳು ನಡುವೆ ಜಗ್ಗಿವೆ. 18 ಮಿ.ಮೀ. ಪಾರ್ಟಿಕಲ್ ಬೋರ್ಡ್. ಪ್ಲೈಗೆ ಬದಲಿಸಿದರೆ ಸಾಕೇ?

ಸ್ವಲ್ಪ ಸಾಕು, ಪೂರ್ತಿ ಅಲ್ಲ. ಪುಸ್ತಕ ನೋಡುವುದಕ್ಕಿಂತ ಹೆಚ್ಚು ಭಾರ. ಸಾಲಾಗಿ ಒತ್ತಿಟ್ಟರೆ ಮೀಟರ್ ಉದ್ದಕ್ಕೆ 30 ಕೆ.ಜಿ. ದಾಟುವುದು ಕಷ್ಟವೇನಲ್ಲ. ಅಷ್ಟೇ ದಪ್ಪದ ಒಳ್ಳೆಯ ಪ್ಲೈ ಬಾಗುವುದು ಪಾರ್ಟಿಕಲ್ ಬೋರ್ಡ್ ಅಥವಾ ಎಂಡಿಎಫ್ ಬಾಗುವುದರ ಸುಮಾರು ಅರ್ಧ. ಆದರೆ ಹಲಗೆಯ ಜಾತಿಗಿಂತ ಅದರ ಉದ್ದ ಮತ್ತು ದಪ್ಪ ಬಹಳ ಹೆಚ್ಚು ಲೆಕ್ಕಕ್ಕೆ ಬರುತ್ತವೆ. ಉದ್ದಕ್ಕೂ ಸಮನಾಗಿ ಭಾರ ಹೇರಿದಾಗ ಬಾಗು ಉದ್ದದ ನಾಲ್ಕನೇ ಘಾತದಂತೆ ಏರುತ್ತದೆ, ದಪ್ಪದ ಮೂರನೇ ಘಾತದಂತೆ ಇಳಿಯುತ್ತದೆ. ಅಂದರೆ 900 ಮಿ.ಮೀ. ಹಲಗೆಯನ್ನು 600ಕ್ಕೆ ಇಳಿಸಿದರೆ ಬಾಗು ಐದರಲ್ಲಿ ಒಂದು ಪಾಲಾಗುತ್ತದೆ. 18 ಮಿ.ಮೀ. ಬದಲು 25 ಹಾಕಿದರೆ ಎರಡೂವರೆ ಪಟ್ಟಿಗಿಂತ ಹೆಚ್ಚು ಬಿಗಿ. ನಡುವೆ ಒಂದು ನಿಲುವು ಕೊಟ್ಟು ಉದ್ದವನ್ನು ಅರ್ಧ ಮಾಡಿದರೆ ಬಾಗು ಹದಿನಾರರಲ್ಲಿ ಒಂದು ಪಾಲಿಗೂ ಇಳಿಯುತ್ತದೆ.

ಆದ್ದರಿಂದ ಇರುವುದನ್ನೇ ಉಳಿಸಿಕೊಳ್ಳಬಹುದು. ಪುಸ್ತಕ ಇಳಿಸಿ, ಹಲಗೆಗಳನ್ನು ಮಗುಚಿ ಹಾಕಿ, ನಡುವೆ ಕೆಳಗಿನಿಂದ ಮೇಲಿನವರೆಗೆ ಒಂದು ನಿಲುವು ಹಲಗೆ ಕೊಡಿಸಿ. ಅದು ಆಗದಿದ್ದರೆ ಹಲಗೆಯ ಮುಂದಿನ ಅಂಚಿಗೆ 40 ಮಿ.ಮೀ. ಎತ್ತರದ ಗಟ್ಟಿಮರದ ಪಟ್ಟಿಯನ್ನು ಅಂಟಿಸಿ ಸ್ಕ್ರೂ ಹಾಕಿಸಿ, ಹಿಂದಿನ ಅಂಚನ್ನು ಹಿಂಬದಿಯ ಹಲಗೆಗೆ ಬಿಗಿಸಿ.

ಹೊಸದಾಗಿ ಮಾಡಿಸುವವರು ಬ್ಲಾಕ್‌ಬೋರ್ಡ್ ಕೂಡ ನೋಡಲಿ. ಒಳಗೆ ಮರದ ರೀಪುಗಳ ಸಾಲು, ಮೇಲೆ ಕೆಳಗೆ ವಿನಿಯರ್, ಅಂದರೆ ಮರದ ತೆಳು ಪದರ. ರೀಪುಗಳು ಕಪಾಟಿನ ಉದ್ದಕ್ಕೆ ಓಡುವಂತೆ ಕತ್ತರಿಸಿದರೆ ಅದು ಹಗುರ, ಬಾಗುವುದೂ ಕಡಿಮೆ. ಅಡ್ಡಡ್ಡ ಕತ್ತರಿಸಿದರೆ ಲಾಭವೆಲ್ಲ ಹೋಯಿತು.

ಪ್ರಶ್ನೆ: ಬೀರುವಿನ ಏಳಡಿ ಬಾಗಿಲುಗಳಲ್ಲಿ ಎರಡು ಡೊಂಕಾಗಿ ಸರಿಯಾಗಿ ಮುಚ್ಚುತ್ತಿಲ್ಲ. ಪ್ಲೈ ಕಳಪೆಯೇ? ಎಂಡಿಎಫ್ ಮಾಡಿಸಬೇಕಿತ್ತೇ?

ಮೊದಲು ಬಾಗಿಲು ತೆರೆದು ಒಳಬದಿ ನೋಡಿ. ಹೊರಗೆ 1 ಮಿ.ಮೀ. ಲ್ಯಾಮಿನೇಟ್, ಒಳಗೆ ಬರೀ ಬಣ್ಣವೋ ತೆಳು ಹಾಳೆಯೋ ಇದ್ದರೆ ಪ್ಲೈ ಕಳಪೆ ಎನ್ನುವ ಮೊದಲು ಅದನ್ನು ಶಂಕಿಸಿ. ಒಂದು ಮೈ ತೇವ ಕುಡಿಯುತ್ತದೆ, ಇನ್ನೊಂದು ಕುಡಿಯುವುದಿಲ್ಲ. ಹಲಗೆ ಬಿಲ್ಲಿನಂತೆ ಬಾಗುತ್ತದೆ. ಎರಡೂ ಬದಿಗೆ ಒಂದೇ ದಪ್ಪದ ಲ್ಯಾಮಿನೇಟನ್ನು ಒಂದೇ ದಿನ ಒತ್ತಿಸುವುದೇ ಇದಕ್ಕೆ ಮದ್ದು. ಎರಡೂ ಬದಿ ಸಮನಾಗಿದ್ದೂ ಬಾಗಿದ್ದರೆ ಒಳಪದರಗಳಲ್ಲಿ ಸಂದು ಬಿಟ್ಟಿರುವ ಪ್ಲೈ ಇರಬೇಕು. ಬೆರಳಗೆಣ್ಣಿನಿಂದ ತಟ್ಟುತ್ತಾ ಹೋಗಿ, ಸಂದಿರುವ ಕಡೆ ಸದ್ದು ಟೊಳ್ಳಾಗುತ್ತದೆ.

ಎಂಡಿಎಫ್‌ನಲ್ಲಿ ಎಳೆಯಿಲ್ಲ, ಹಾಗಾಗಿ ಮೈ ನಯ. ಕೊರೆದ ವಿನ್ಯಾಸಕ್ಕೂ ಬಣ್ಣ ಹೊಡೆಯುವುದಕ್ಕೂ ಅದರಷ್ಟು ಒಳ್ಳೆಯ ಹಲಗೆ ಇನ್ನೊಂದಿಲ್ಲ. ಆದರೆ ಭಾರ. ಏಳಡಿ ಎತ್ತರ, ಒಂದೂವರೆ ಅಡಿ ಅಗಲದ 18 ಮಿ.ಮೀ. ಬಾಗಿಲು ಪ್ಲೈನಲ್ಲಿ ಸುಮಾರು 10 ಕೆ.ಜಿ. ಇದ್ದರೆ ಎಂಡಿಎಫ್‌ನಲ್ಲಿ ಸುಮಾರು 13. ನಾಲ್ಕು ಹಿಂಜ್ ಬೇಕೇ ಬೇಕು, ಐದಿದ್ದರೆ ನಿಶ್ಚಿಂತೆ. ಅಂಚಿಗೆ ಸ್ಕ್ರೂ ಹೊಡೆಯುವ ಮೊದಲು ಸಣ್ಣ ತೂತು ಕೊರೆಯದಿದ್ದರೆ ಎಂಡಿಎಫ್ ಪುಸ್ತಕ ತೆರೆದಂತೆ ಸೀಳುತ್ತದೆ. ಬಣ್ಣ ಬೇಡ, ಲ್ಯಾಮಿನೇಟೇ ಸಾಕು ಎನ್ನುವವರಿಗೆ ಎತ್ತರದ ಬಾಗಿಲಿಗೆ ಬ್ಲಾಕ್‌ಬೋರ್ಡನ್ನೇ ನಾನು ಹೇಳುವುದು.

ಪ್ರಶ್ನೆ: ಪಾರ್ಟಿಕಲ್ ಬೋರ್ಡ್ ಎಂದರೆ ಬರೀ ಮರದ ಪುಡಿಯಲ್ಲವೇ? ಯಾರೂ ಒಳ್ಳೆಯದು ಹೇಳುವುದಿಲ್ಲ.

ಪುಡಿಯಲ್ಲ, ಚಕ್ಕೆ. ನಡುವೆ ದಪ್ಪ ಚಕ್ಕೆ, ಎರಡೂ ಮೈಗೆ ನುಣುಪು ಚಕ್ಕೆ ಹಾಸಿ ಒತ್ತಿರುತ್ತಾರೆ. ಒಣ ಕೋಣೆಯ ಬೀರುವಿನ ಒಡಲಿಗೆ, ಓದುವ ಮೇಜಿಗೆ ಧಾರಾಳವಾಗಿ ಬಳಸಿ. ಅದರ ದೌರ್ಬಲ್ಯ ಸ್ಕ್ರೂ: ಒಮ್ಮೆ ಬಿಚ್ಚಿ ಮತ್ತೆ ಹಾಕಿದರೆ ಹಿಡಿತ ಕುಗ್ಗುತ್ತದೆ. ಪದೇ ಪದೇ ಮನೆ ಬದಲಿಸುವವರಿಗೆ ಬೇಡ.

ಪ್ರಶ್ನೆ: ಮಗುವಿನ ಕೋಣೆಗೆ ಹೊಸ ಕಪಾಟು ಹಾಕಿಸಿದ ಮೇಲೆ ಕಟುವಾಸನೆ, ಕಣ್ಣುರಿ. ಅಪಾಯವೇ?

ಸದ್ಯಕ್ಕೆ ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ. ಬಣ್ಣ, ಅಂಟಿನ ದ್ರಾವಕಗಳ ವಾಸನೆಯೂ ಇದರಲ್ಲಿ ಸೇರಿರಬಹುದು, ಆದರೆ ಕಣ್ಣುರಿ ಎಂದೊಡನೆ ಮೊದಲ ಅನುಮಾನ ಹಲಗೆಯ ಯೂರಿಯಾ ಅಂಟಿನಿಂದ ಹೊಮ್ಮುವ ಫಾರ್ಮಾಲ್ಡಿಹೈಡ್ ಮೇಲೆ. ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ವರ್ಗೀಕರಿಸಿದೆ. ಸೆಕೆ ಮತ್ತು ತೇವ ಹೆಚ್ಚಿದಷ್ಟೂ ಹೆಚ್ಚು ಹೊಮ್ಮುತ್ತದೆ, ತಿಂಗಳುಗಳು ಕಳೆದಂತೆ ಇಳಿಯುತ್ತದೆ.

ಕಿಟಕಿ ತೆರೆದಿಟ್ಟು, ಫ್ಯಾನ್ ಹಾಕಿ, ಕಪಾಟಿನ ಬಾಗಿಲುಗಳನ್ನೂ ತೆರೆದಿಡಿ. ಆಮೇಲೆ ಟಾರ್ಚ್ ಹಿಡಿದು ಬರಿಮೈ ಉಳಿದ ಜಾಗ ಹುಡುಕಿ: ಡ್ರಾಯರ್‌ನ ತಳ, ಹಿಂಬದಿ ಹಲಗೆ, ಕಣ್ಣಿಗೆ ಬೀಳದ ಅಂಚು, ಹಿಂಜ್ ತೂತು. ಲ್ಯಾಮಿನೇಟ್ ಮುಚ್ಚಿದ ಮೈಗಿಂತ ಇಂಥ ಕಡೆಯಿಂದಲೇ ಹೆಚ್ಚು ಹೊರಬರುವುದು. ಅವಕ್ಕೆ ಅಂಚುಪಟ್ಟಿ ಅಥವಾ ಎರಡು ಕೋಟ್ ನೀರಾಧಾರಿತ ಸೀಲರ್ ಹಾಕಿಸಿ.

ಮುಂದೆ ಕೊಳ್ಳುವಾಗ ಮುದ್ರೆ ನೋಡಿ. ಯುರೋಪಿನ ಇ1 ಎಂದರೆ ಪರೀಕ್ಷಾ ಕೋಣೆಯ ಗಾಳಿಯಲ್ಲಿ ಘನ ಮೀಟರ್‌ಗೆ 0.124 ಮಿ.ಗ್ರಾಂ. ಮೀರಬಾರದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ವಾಯು ಮಂಡಳಿಯ (ಕಾರ್ಬ್) ಎರಡನೇ ಹಂತದ ಮಿತಿ ಎಂಡಿಎಫ್‌ಗೆ ಹತ್ತು ಲಕ್ಷದಲ್ಲಿ 0.11 ಭಾಗ, ಪಾರ್ಟಿಕಲ್ ಬೋರ್ಡ್‌ಗೆ 0.09, ಗಟ್ಟಿಮರದ ಪ್ಲೈಗೆ 0.05. ಇ0 ಎಂಬುದು ಯುರೋಪಿನ ಮಾನಕದಲ್ಲಿ ಇಲ್ಲದ ದರ್ಜೆ. ಅದನ್ನು ಹೇಳಿ ಮಾರುವವರಿದ್ದರೆ ಪರೀಕ್ಷಾ ವರದಿ ತೋರಿಸಲು ಕೇಳಿ. ಇಷ್ಟೆಲ್ಲ ಮಾಡಿದ ಮೇಲೂ ಕೆಲವು ವಾರ ಕಳೆದು ಕೋಣೆಗೆ ಕಾಲಿಟ್ಟೊಡನೆ ಕಣ್ಣು ಉರಿಯುತ್ತಿದ್ದರೆ ಕಪಾಟನ್ನು ಆ ಕೋಣೆಯಿಂದ ಹೊರಗೆ ಹಾಕಿಸಿ.